ಬಿಸಿನೀರು ಬಾರದ ನಲ್ಲಿ

ಹಾಸನವು ಸಮುದ್ರಮಟ್ಟದಿಂದ ಸುಮಾರು 950 ಮೀಟರು ಎತ್ತರದಲ್ಲಿರುವ ಊರು. ಮಾರ್ಗಶಿರ ಪುಷ್ಯಮಾಸಗಳ ಮುಂಜಾನೆ ಅಲ್ಲಿ ತಣ್ಣೀರಿನ ಸ್ನಾನವನ್ನು ಬಯಸುವವರು ವಿರಳ. ಸುತ್ತಲಿನ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿಯೂ ಹೀಗೆಯೇ. ಹಿಂದೆ ಬಚ್ಚಲಮನೆಯ ಒಲೆಯೂ ತಾಮ್ರದ ಹಂಡೆಯೂ ಈ ಅಗತ್ಯವನ್ನು ಪೂರೈಸುತ್ತಿದ್ದವು. ಇಂದು ಅನೇಕ ಮನೆಗಳಲ್ಲಿ ಆ ಕೆಲಸವನ್ನು ತಾರಸಿಯ ಮೇಲಿನ ಸೌರ ಜಲತಾಪಕವು, ಎಂದರೆ ಜನರು ‘ಸೋಲಾರ್’ ಎಂದಷ್ಟೇ ಕರೆಯುವ ಸಾಧನವು, ವಹಿಸಿಕೊಂಡಿದೆ. ಹಂಡೆ ಕಾಯದಿದ್ದರೆ ಒಲೆಯನ್ನು ನೋಡಿದರೆ ಸಾಕಾಗುತ್ತಿತ್ತು. ಸೋಲಾರಿನ ನಲ್ಲಿಯಲ್ಲಿ ತಣ್ಣೀರು ಬಂದಾಗಲಾದರೋ ದೋಷವು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಆಗ ನಾವು ಮೊದಲು ಕೇಳಬೇಕಾದ ಪ್ರಶ್ನೆ ಇದು: ನೀರು ಕಾದೇ ಇಲ್ಲವೋ, ಕಾದ ನೀರು ನಮ್ಮವರೆಗೆ ಬರುತ್ತಿಲ್ಲವೋ?

ಎರಡನೆಯದನ್ನೇ ಮೊದಲು ವಿಚಾರಿಸೋಣ. ಬಿಸಿನೀರಿನ ತೊಟ್ಟಿಯಿಂದ ಹೊರಡುವ ಕೊಳವೆ ಅದರ ಮೇಲ್ಭಾಗದಲ್ಲಿರುತ್ತದೆ. ತಳದಲ್ಲಿ ತಣ್ಣೀರು ಒಳಸೇರಿದಷ್ಟೂ ಮೇಲಿನ ಬಿಸಿನೀರು ಹೊರಬೀಳುತ್ತದೆ. ಆದುದರಿಂದ ತಾರಸಿಯ ತಣ್ಣೀರಿನ ತೊಟ್ಟಿ ಬರಿದಾದರೆ, ಅಥವಾ ನಡುವಿನ ಕವಾಟವನ್ನು ಯಾರಾದರೂ ಮುಚ್ಚಿದ್ದರೆ, ಕಾದ ನೀರು ಇದ್ದಲ್ಲಿಯೇ ಉಳಿಯುತ್ತದೆ. ನಲ್ಲಿಯಲ್ಲಿ ನೀರೇ ಬಾರದಿದ್ದಾಗ ಮೊದಲು ನೋಡಬೇಕಾದುದು ತಣ್ಣೀರನ್ನು! ತೊಟ್ಟಿ ಒಮ್ಮೆ ಬರಿದಾಗಿ ಮತ್ತೆ ತುಂಬಿದ್ದರೆ ಕೊಳವೆಯ ಉಬ್ಬುಗಳಲ್ಲಿ ಗಾಳಿ ಸಿಕ್ಕಿಕೊಂಡಿರುವುದೂ ಉಂಟು. ಎಲ್ಲ ಬಿಸಿನೀರಿನ ನಲ್ಲಿಗಳನ್ನೂ ಸ್ವಲ್ಪ ಹೊತ್ತು ತೆರೆದಿಟ್ಟರೆ ಅದು ಸಾಮಾನ್ಯವಾಗಿ ಹೊರಟುಹೋಗುತ್ತದೆ.

ನೀರು ಧಾರಾಳವಾಗಿ ಬಂದರೂ ತಣ್ಣಗಿದ್ದರೆ ಸ್ವಲ್ಪ ತಾಳ್ಮೆ ಬೇಕು. 15 ಮಿಲಿಮೀಟರು ವ್ಯಾಸದ, 20 ಮೀಟರು ಉದ್ದದ ಕೊಳವೆಯಲ್ಲಿ ಸುಮಾರು ಮೂರೂವರೆ ಲೀಟರು ನೀರು ನಿಂತಿರುತ್ತದೆ. ರಾತ್ರಿಯೆಲ್ಲ ಆರಿಹೋದ ಈ ನೀರು ಮೊದಲು ಹೊರಬರಲೇಬೇಕು. ಅನಂತರವೂ ತಣ್ಣೀರೇ ಬಂದರೆ ಬಿಸಿನೀರು ತಣ್ಣೀರುಗಳನ್ನು ಬೆರೆಸುವ ಮಿಕ್ಸರ್ ನಲ್ಲಿಯನ್ನು ಶಂಕಿಸಬೇಕು. ಅದರೊಳಗಿನ ವಾಷರು ಸವೆದಿದ್ದು, ತಣ್ಣೀರಿನ ಒತ್ತಡವು ಹೆಚ್ಚಾಗಿದ್ದರೆ, ತಣ್ಣೀರು ಗುಟ್ಟಾಗಿ ಬಿಸಿನೀರಿನ ಕೊಳವೆಗೆ ನುಗ್ಗುತ್ತದೆ. ಪಂಪಿನಿಂದ ಒತ್ತಡ ಏರಿಸಿಕೊಂಡ ಮನೆಗಳಲ್ಲಿ ಇದು ವಿಶೇಷವಾಗಿ ಸಂಭವನೀಯ. ಪರೀಕ್ಷೆ ಬಲು ಸುಲಭ. ಬಚ್ಚಲಮನೆಗೆ ಬರುವ ತಣ್ಣೀರಿನ ಕವಾಟವನ್ನು ಮುಚ್ಚಿ ಬಿಸಿನೀರಿನ ನಲ್ಲಿಯನ್ನು ತಿರುಗಿಸಬೇಕು. ಈಗ ಬಿಸಿನೀರು ಬಂದರೆ ತಾರಸಿಯನ್ನು ಹತ್ತುವ ಅಗತ್ಯವೇ ಇಲ್ಲ. ಒಂದು ವಾಷರಿನ ದೋಷಕ್ಕಾಗಿ ಸೋಲಾರನ್ನೇ ಹಳಿದು ಮೂಲೆಗುಂಪು ಮಾಡಿದ ಮನೆಗಳೂ ಇವೆ.

ಇನ್ನು ನೀರು ಕಾಯದಿರುವ ಸಂಗತಿ. 100 ಲೀಟರು ನೀರನ್ನು 20ರಿಂದ 55 ಡಿಗ್ರಿ ಸೆಲ್ಸಿಯಸ್ಸಿಗೆ ಏರಿಸಲು 3500 ಕಿಲೊಕ್ಯಾಲೊರಿ ಶಾಖ ಬೇಕು. ಇದು ಸುಮಾರು 4 ಯೂನಿಟ್ ವಿದ್ಯುತ್ತಿಗೆ ಸಮ. ಆಷಾಢದಲ್ಲಿ ಮಲೆನಾಡಿನ ಮೋಡಗಳು ಅರಕಲಗೂಡಿನ ಕಡೆ ದಿನಗಟ್ಟಲೆ ಕವಿದಿರುವಾಗ ಇಷ್ಟು ಶಾಖ ದೊರೆಯದಿದ್ದರೆ ಅದು ಯಂತ್ರದ ತಪ್ಪಲ್ಲ. ಆದರೆ ಡಿಸೆಂಬರಿನ ಸ್ವಚ್ಛ ಬಿಸಿಲಿನಲ್ಲಿಯೂ ಕಾಯದಿದ್ದರೆ ದಕ್ಷಿಣ ದಿಕ್ಕನ್ನು ನೋಡಬೇಕು. ಏಪ್ರಿಲ್ ಕೊನೆಯ ವಾರದಲ್ಲಿ ಹಾಸನದ ಮಧ್ಯಾಹ್ನದ ಸೂರ್ಯ ನಡುನೆತ್ತಿಯಲ್ಲಿರುತ್ತಾನೆ. ಡಿಸೆಂಬರ್ 22ರ ಸುಮಾರಿಗೆ ಅಲ್ಲಿಂದ 36 ಡಿಗ್ರಿಗೂ ಹೆಚ್ಚು ದಕ್ಷಿಣಕ್ಕೆ ಸರಿದಿರುತ್ತಾನೆ. ತಾರಸಿಗಿಂತ 10 ಮೀಟರು ಮೇಲೆದ್ದ ತೆಂಗಿನಮರದ ನೆರಳು ಆಗ ನಡುಹಗಲಿನಲ್ಲಿಯೇ ಏಳು ಮೀಟರಿಗೂ ಮೀರಿ ಚಾಚುತ್ತದೆ. ಬೇಸಗೆಯಲ್ಲಿ ನಿರುಪದ್ರವಿಯಾಗಿದ್ದ ಮರವು ಚಳಿಗಾಲದಲ್ಲಿ, ಬಿಸಿನೀರು ಬೇಕಾದಾಗಲೇ, ಅಡ್ಡಬರುತ್ತದೆ.

ನೆರಳಿಲ್ಲದಿದ್ದರೆ ನೀರಿನ ಹರಿವನ್ನು ಶಂಕಿಸಬೇಕು. ಫಲಕದಲ್ಲಿ ಕಾದ ನೀರು ಹಗುರಾಗಿ ಮೇಲಿನ ತೊಟ್ಟಿಗೆ ಏರುತ್ತದೆ; ಅದರ ಸ್ಥಾನಕ್ಕೆ ತಣ್ಣೀರು ಇಳಿಯುತ್ತದೆ. ಇಲ್ಲಿ ಪಂಪು ಇಲ್ಲ. 20 ಡಿಗ್ರಿಯ ಒಂದು ಲೀಟರು ನೀರಿನ ತೂಕ 998 ಗ್ರಾಮು, 60 ಡಿಗ್ರಿಯದು 983 ಗ್ರಾಮು. ಈ 15 ಗ್ರಾಮಿನ ವ್ಯತ್ಯಾಸವೇ ಇಡೀ ಚಲನೆಗೆ ಕಾರಣ. ಇಷ್ಟು ದುರ್ಬಲವಾದ ನೂಕನ್ನು ತಡೆಯಲು ಒಂದು ಗಾಳಿಗುಳ್ಳೆಯೇ ಸಾಕು. ಸುಣ್ಣದ ಪದರವಂತೂ ಕೊಳವೆಯನ್ನು ಕಿರಿದುಗೊಳಿಸಿ ಶಾಖವನ್ನೂ ತಡೆಯುತ್ತದೆ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟು ಕಾದಾಗ ಒಡೆದು, ಕಾರ್ಬೊನೇಟಾಗಿ ಗೋಡೆಗೆ ಅಂಟಿಕೊಳ್ಳುತ್ತದೆ. ಹೊಳೆನರಸೀಪುರದಲ್ಲಿ ಹೇಮಾವತಿಯ ನೀರನ್ನು ಬಳಸುವ ಮನೆಗೆ ಈ ಕಾಟ ಕಡಿಮೆ. ಚನ್ನರಾಯಪಟ್ಟಣದ ಕಡೆ ಗಡಸಾದ ಕೊಳವೆಬಾವಿಯ ನೀರನ್ನೇ ನಂಬಿದ ಮನೆಯವರು ಕಾಲಕಾಲಕ್ಕೆ ಬಲ್ಲವರಿಂದ ಸುಣ್ಣ ತೆಗೆಸಬೇಕು.

ಫಲಕದ ಬದಲು ಗಾಜಿನ ನಿರ್ವಾತ ಕೊಳವೆಗಳಿದ್ದರೆ ಅವುಗಳ ಮುಚ್ಚಿದ ತುದಿಯನ್ನು ಪರೀಕ್ಷಿಸಬೇಕು. ಅಲ್ಲಿ ಬೇರಿಯಂ ಲೋಹದ ಬೆಳ್ಳಿಯಂಥ ಲೇಪವಿರುತ್ತದೆ. ಗಾಳಿ ಒಳಹೊಕ್ಕೊಡನೆ ಅದು ಹಾಲಿನಂತೆ ಬಿಳಿಚುತ್ತದೆ. ಅಂಥ ಕೊಳವೆಯು ಶಾಖವನ್ನು ಹಿಡಿದಿಡಲಾರದು, ಅದನ್ನು ಬದಲಿಸಬೇಕು.

ದುರಸ್ತಿ ಮುಗಿಯುವವರೆಗೆ ಬಕೆಟ್ಟಿನಲ್ಲಿ ವಿದ್ಯುತ್ ಕಾಯಿಲನ್ನು ಇಳಿಬಿಡುವವರು, ಸ್ವಿಚ್ಚನ್ನು ಆರಿಸಿ ಪ್ಲಗ್ಗನ್ನು ಕಿತ್ತ ಮೇಲಲ್ಲದೆ ನೀರಿಗೆ ಬೆರಳು ಸೋಕಿಸಬಾರದು. ದಿನವೂ ಇದೇ ನೀರಿಗೆ ಕೈಹಾಕುವವರಲ್ಲಿ ಮಕ್ಕಳೂ ಇರುತ್ತಾರೆ. ತಾರಸಿಯಲ್ಲಿಯೂ ಒಂದು ಅಪಾಯವಿದೆ. ಬರಿದಾದ ಗಾಜಿನ ಕೊಳವೆಗಳು ಬಿಸಿಲಿನಲ್ಲಿ 200 ಡಿಗ್ರಿಯನ್ನೂ ಮೀರಿ ಕಾಯಬಲ್ಲವು. ಆಗ ತಣ್ಣೀರು ಬಿಟ್ಟರೆ ಗಾಜು ಸಿಡಿಯುತ್ತದೆ. ಅಂಥ ಸೋಲಾರಿಗೆ ನೀರು ತುಂಬಿಸುವುದಾದರೆ ಸೂರ್ಯೋದಯಕ್ಕೆ ಮುಂಚೆ, ಅಥವಾ ಕತ್ತಲಾಗಿ ಗಾಜು ಪೂರ್ತಿ ಆರಿದ ಮೇಲೆ ತುಂಬಿಸತಕ್ಕದ್ದು.