ಒಂಬತ್ತು ಕಾಲಿನ ಸ್ವಿಚ್ಚು

ಗಣೇಶನ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ. ಎರಡನೇ ಚರಣಕ್ಕೆ ಮುಂಚೆ ಗಿಟಾರ್ ಸೋಲೋ. ನಾನು ಕಟ್ಟಿಕೊಟ್ಟಿದ್ದ, ಸದ್ದನ್ನು ಒರಟಾಗಿಸುವ ಫಝ್ ಪೆಡಲನ್ನು ಗೆಳೆಯ ಗತ್ತಿನಿಂದ ತುಳಿದ. ಕೆಂಪು ದೀಪ ಹತ್ತಿತು, ಗಿಟಾರಿನ ಸದ್ದು ಹೋಯಿತು. ಇನ್ನೊಮ್ಮೆ ತುಳಿದ, ದೀಪ ಆರಿತು, ಸದ್ದು ಬಂತು. ಮತ್ತೆ ತುಳಿದ, ಮತ್ತೆ ಹೋಯಿತು. ಅಷ್ಟರಲ್ಲಿ ಕೀಬೋರ್ಡಿನವನು ಸೋಲೋವನ್ನು ತಾನೇ ನುಡಿಸಿ ಮುಗಿಸಿದ್ದ. ನಾನು ಜನರ ನಡುವೆ ಕೂತು ಕೈಯಲ್ಲಿದ್ದ ಪ್ರಸಾದದ ದೊನ್ನೆಯನ್ನೇ ನೋಡುತ್ತಿದ್ದೆ.

ಮನೆಗೆ ತಂದು ಬಿಚ್ಚಿದರೆ ಸರ್ಕ್ಯೂಟ್ ಗುಂಡುಕಲ್ಲಿನಂತಿತ್ತು. ಕೆಟ್ಟಿದ್ದು ಸ್ವಿಚ್ಚು; ಅದನ್ನು ಕೆಡಿಸಿದ್ದು ನನ್ನದೇ ಸೋಲ್ಡರಿಂಗ್ ಐರನ್. ಬಿಡುವಿನಲ್ಲಿ ಪೆಡಲ್ ಕಟ್ಟುತ್ತ ಬಹಳ ವರ್ಷ ಆಯಿತು. ನನ್ನ ಮೇಜಿನ ಮೇಲೆ ಪ್ರಾಣ ಬಿಟ್ಟವುಗಳಲ್ಲಿ ಟ್ರಾನ್ಸಿಸ್ಟರ್ ಸುಟ್ಟು ಹೋದವು ಬೆರಳೆಣಿಕೆಯಷ್ಟು. ಮಿಕ್ಕವೆಲ್ಲ ಸ್ವಿಚ್ಚಿನ ಸುತ್ತಲಿನ ಅಂಗೈಯಗಲ ಜಾಗದಲ್ಲೇ ಹೋದವು. ಹಾಗೆ ಹೋಗುತ್ತ ಕಲಿಸಿದ್ದು ಇಷ್ಟು.

1. ಕಾಲು ಎಣಿಸುವ ಮೊದಲು ಕಾಲಿನ ದಿಕ್ಕು ನೋಡಿ.

ನಾವು ಬಳಸುವ ಸ್ವಿಚ್ಚಿಗೆ 3ಪಿಡಿಟಿ ಎಂದು ಹೆಸರು. ಒಂದೇ ಗುಂಡಿಯ ಕೆಳಗೆ ಮೂರು ಸ್ವಿಚ್ಚುಗಳನ್ನು ಕಟ್ಟಿಹಾಕಿದ್ದಾರೆ ಎಂದುಕೊಳ್ಳಿ. ಹಿಂಬದಿಯಲ್ಲಿ ಮೂರು ಮೂರರಂತೆ ಒಂಬತ್ತು ಕಾಲು, ಚೌಕಾಬಾರದ ಮನೆಯಂತೆ. ಯಾವ ಕಡೆಯಿಂದ ನೋಡಿದರೂ ಒಂದೇ ಥರ ಕಾಣುವುದೇ ಇದರ ಮೋಸ. ಬಗ್ಗಿ ನೋಡಿದರೆ ಕಾಲುಗಳು ಚಪ್ಪಟೆ ಎಂಬುದು ಗೊತ್ತಾಗುತ್ತದೆ. ಆ ಚಪ್ಪಟೆ ಅಡ್ಡಗೆರೆಯಂತೆ ಮಲಗುವ ಹಾಗೆ ಸ್ವಿಚ್ಚನ್ನು ಹಿಡಿಯಿರಿ. ಆಗ ಮೇಲಿಂದ ಕೆಳಕ್ಕೆ ಇಳಿಯುವ ಒಂದೊಂದು ಕಂಬಸಾಲೂ ಒಂದೊಂದು ಸ್ವಿಚ್ಚು. ನಡುವಿನ ಕಾಲು ಒಮ್ಮೆ ಮೇಲಿನದನ್ನು ಮುಟ್ಟುತ್ತದೆ, ತುಳಿದರೆ ಕೆಳಗಿನದನ್ನು. ಸ್ವಿಚ್ಚನ್ನು ಪೂರ್ತಿ ತಲೆಕೆಳಗು ಮಾಡಿದರೂ ನಡೆಯುತ್ತದೆ. ಕಾಲು ಸುತ್ತು ಮಾತ್ರ ತಿರುಗಿಸಿದಿರೋ, ಕೆಟ್ಟಿರಿ.

2. ನಕ್ಷೆಯನ್ನು ಉರು ಹೊಡೆಯಬೇಡಿ, ಗಿಟಾರಿನ ಸದ್ದಿನ ಜೊತೆ ನಡೆದು ನೋಡಿ.

ಮೊದಲ ಕೆಲವು ಪೆಡಲ್‌ಗಳನ್ನು ನಕ್ಷೆಯ ಮೇಲೆ ಬೆರಳಿಟ್ಟು, ಒಂದನೇ ಕಾಲಿನಿಂದ ಇಷ್ಟನೇ ಕಾಲಿಗೆ ಎಂದು ಜಪಿಸುತ್ತ ಕಟ್ಟಿದೆ. ತಪ್ಪಾದಾಗ ಎಲ್ಲಿ ತಪ್ಪಿತೆಂದು ತಿಳಿಯುತ್ತಲೇ ಇರಲಿಲ್ಲ. ಈಗ ಹೀಗೆ ಯೋಚಿಸುತ್ತೇನೆ: ಮೊದಲ ಕಂಬಸಾಲು ಒಳಬರುವ ಸದ್ದಿಗೆ, ಎರಡನೆಯದು ಹೊರಹೋಗುವ ಸದ್ದಿಗೆ, ಮೂರನೆಯದು ದೀಪಕ್ಕೆ. ಇನ್‌ಪುಟ್ ಜ್ಯಾಕ್ ಮೊದಲನೆಯದರ ನಡುಗಾಲಿಗೆ, ಔಟ್‌ಪುಟ್ ಜ್ಯಾಕ್ ಎರಡನೆಯದರ ನಡುಗಾಲಿಗೆ. ಕೆಳಗಿನ ಎರಡು ಕಾಲುಗಳಿಂದ ಸರ್ಕ್ಯೂಟಿನ ಬಾಯಿಗೂ ಬಾಲಕ್ಕೂ ವೈರು. ಮೇಲಿನ ಎರಡು ಕಾಲುಗಳ ನಡುವೆ ಒಂದು ತುಂಡು ತಂತಿ. ಆ ತುಂಡೇ ಬೈಪಾಸ್: ಸದ್ದು ಸರ್ಕ್ಯೂಟಿನ ಮನೆಗೆ ಹೋಗದೆ ಜಗುಲಿಯಿಂದಲೇ ದಾಟಿಹೋಗುವ ದಾರಿ. ಮೂರನೆಯ ಕಂಬಸಾಲಿನ ನಡುಗಾಲು ಗ್ರೌಂಡಿಗೆ, ಕೆಳಗಾಲು ಎಲ್‌ಇಡಿಯ ಮೈನಸ್ಸಿಗೆ. ಎಲ್‌ಇಡಿಯ ಪ್ಲಸ್ಸು 4.7 ಕಿಲೋ ಓಮ್ ರೆಸಿಸ್ಟರ್ ದಾಟಿ 9 ವೋಲ್ಟಿಗೆ. ಕೆಂಪು ದೀಪಕ್ಕೆ ಸುಮಾರು 2 ವೋಲ್ಟ್ ಹೋದರೆ ಉಳಿದ 7ರಲ್ಲಿ ಒಂದೂವರೆ ಮಿಲಿಆಂಪ್ ಹರಿಯುತ್ತದೆ. ವೇದಿಕೆಯ ಕತ್ತಲಿಗೆ ಅಷ್ಟು ಬೇಕಾದಷ್ಟಾಯಿತು. ಕಣ್ಣು ಕುಕ್ಕುವ ನೀಲಿ ದೀಪ ಹಾಕುವವರ ಮೇಲೆ ನನಗೆ ವೈಯಕ್ತಿಕ ಸಿಟ್ಟಿದೆ.

ಇಲ್ಲೇ ಒಂದು ತಿದ್ದುಪಡಿ. ಫಝ್‌ನಂಥ ಗಂಟಲು ದೊಡ್ಡ ಸರ್ಕ್ಯೂಟಿಗೆ ಮೇಲಿನ ವಿಧಾನ ಸಾಲದು. ಬೈಪಾಸಿನಲ್ಲಿರುವಾಗ ಅದರ ಇನ್‌ಪುಟ್ ಅನಾಥವಾಗಿ ಗಾಳಿಯಲ್ಲಿ ತೂಗುತ್ತ ಸಿಕ್ಕಿದ ಸದ್ದನ್ನೆಲ್ಲ ಹೀರಿ ಕೀರಲಿಡುತ್ತದೆ. ಆ ಕೀರಲು ಸ್ವಿಚ್ಚಿನೊಳಗೇ ಪಕ್ಕದ ಕಾಲಿಗೆ ಸೋರುತ್ತದೆ. ಅಂಥ ಕಡೆ ಮೊದಲ ಕಂಬಸಾಲಿನ ನಡುಗಾಲನ್ನು ಸರ್ಕ್ಯೂಟಿನ ಬಾಯಿಗೆ ಕೊಡಿ, ಕೆಳಗಾಲನ್ನು ಇನ್‌ಪುಟ್ ಜ್ಯಾಕಿಗೆ, ಮೇಲ್ಗಾಲನ್ನು ಗ್ರೌಂಡಿಗೆ. ಬೈಪಾಸಿನ ತುಂಡು ತಂತಿ ಆಗ ಮೊದಲನೆಯದರ ಕೆಳಗಾಲಿನಿಂದ ಎರಡನೆಯದರ ಮೇಲ್ಗಾಲಿಗೆ ಓರೆಯಾಗಿ ಹೋಗುತ್ತದೆ. ಬೈಪಾಸಿನಲ್ಲಿ ಸರ್ಕ್ಯೂಟಿನ ಬಾಯಿ ಕಟ್ಟಿದಂತಾಯಿತು. ನಾನು ಈಗ ಎಲ್ಲ ಪೆಡಲಿಗೂ ಹೀಗೇ ಮಾಡುತ್ತೇನೆ.

3. ಡಬ್ಬಿ ಬೋರಲಾಗಿದೆ ಎಂಬುದು ನೆನಪಿರಲಿ.

ಪೆಡಲ್ ನೆಲದ ಮೇಲಿದ್ದಾಗ ಇನ್‌ಪುಟ್ ಬಲಕ್ಕಿರುವುದು ರೂಢಿ. ನಾವು ಬೆಸೆಯುವಾಗ ಡಬ್ಬಿ ಬೋರಲು. ಇನ್‌ಪುಟ್ ಎಡಕ್ಕೆ ಬಂದಿರುತ್ತದೆ. ನನ್ನ ಮೊದಲ ಪೆಡಲ್ ಇವತ್ತಿಗೂ ಎಡಗೈಯದು.

4. ಮೂರು ಸೆಕೆಂಡ್, ಅಷ್ಟೇ.

ಪೆಂಡಾಲಿನ ಅವಮಾನದ ಕಾರಣ ಇದೇ. ಸ್ವಿಚ್ಚಿನ ಕಾಲುಗಳನ್ನು ಹಿಡಿದಿರುವುದು ಪ್ಲಾಸ್ಟಿಕ್. ಕಾಲಿನ ಮೇಲೆ ಐರನ್ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ವೈರನ್ನು ತೂತಿಗೆ ತೂರಿಸಲು ಹೆಣಗುತ್ತ, ಸೋಲ್ಡರನ್ನು ಹಲ್ಲಲ್ಲಿ ಕಚ್ಚಿಕೊಂಡು (ಸೀಸವಿರುತ್ತದೆ, ಹೀಗೆ ಮಾಡಲೇಬೇಡಿ) ಅರ್ಧ ನಿಮಿಷ ಕಳೆದರೆ, ಒಳಗೆ ಪ್ಲಾಸ್ಟಿಕ್ ಮೆತ್ತಗಾಗಿ ಕಾಲು ಕೂದಲೆಳೆಯಷ್ಟು ವಾಲುತ್ತದೆ. ಹೊರಗೆ ಏನೂ ಕಾಣದು. ಮನೆಯಲ್ಲಿ ಪರೀಕ್ಷಿಸಿದಾಗ ಸರಿಯಾಗಿಯೇ ಇರುತ್ತದೆ. ಜೋರಾಗಿ ತುಳಿದ ದಿನ ಒಳಗಿನ ಪುಟ್ಟ ತಗಡು ಆ ಕಾಲನ್ನು ಮುಟ್ಟುವುದಿಲ್ಲ. ಗೆಳೆಯನ ಪೆಡಲಿನಲ್ಲಿ ವಾಲಿದ್ದು ಎರಡನೇ ಕಂಬಸಾಲಿನ ಕೆಳಗಾಲು. ದೀಪದ ಕಂಬಸಾಲು ಸರಿಯಿದ್ದುದರಿಂದ ದೀಪ ಹತ್ತುತ್ತಿತ್ತು, ಸದ್ದು ಬರುತ್ತಿರಲಿಲ್ಲ.

ಈಗಿನ ಪದ್ಧತಿ: ವೈರಿನ ತುದಿ ಸುಲಿದು, ಎಳೆ ಹುರಿಮಾಡಿ, ಮೊದಲೇ ಸೋಲ್ಡರ್ ಕುಡಿಸಿಟ್ಟುಕೊಳ್ಳುತ್ತೇನೆ. ತೂತಿನಲ್ಲಿ ಕೊಕ್ಕೆಯಂತೆ ಮಡಚಿದರೆ ವೈರು ತಾನೇ ನಿಲ್ಲುತ್ತದೆ, ಕೈ ಖಾಲಿ. ಐರನ್ ಚೆನ್ನಾಗಿ ಬಿಸಿಯಾಗಿರಬೇಕು. ತಣ್ಣನೆಯ ಐರನ್ ಹೆಚ್ಚು ಹೊತ್ತು ಇಡಬೇಕಾಗುವುದರಿಂದ ಅದೇ ಹೆಚ್ಚು ಸುಡುತ್ತದೆ. ಮನಸ್ಸಿನಲ್ಲಿ ಮೂರು ಎಣಿಸುವಷ್ಟರಲ್ಲಿ ಮುಗಿಯಬೇಕು. ಒಂದು ಕಾಲಾದ ಮೇಲೆ ದೂರದ ಇನ್ನೊಂದಕ್ಕೆ ಹೋಗುತ್ತೇನೆ, ಪಕ್ಕದ್ದಕ್ಕಲ್ಲ. ಮಧ್ಯೆ ಕಾಫಿಗೆ ಎದ್ದರೂ ನಷ್ಟವಿಲ್ಲ.

5. ತುಳಿದಾಗ ‘ಟಪ್’ ಎಂದರೆ ಸ್ವಿಚ್ಚನ್ನು ಬೈಯಬೇಡಿ.

ಸರ್ಕ್ಯೂಟಿನ ಬಾಯಲ್ಲೂ ಬಾಲದಲ್ಲೂ ಇರುವ ಕೆಪಾಸಿಟರ್‌ಗಳು ಒಂಚೂರು ಸೋರುತ್ತವೆ. ಹೊರತುದಿ ಎಲ್ಲಿಗೂ ತಗಲದೆ ಇದ್ದರೆ ಅಲ್ಲಿ ವೋಲ್ಟೇಜ್ ನಿಧಾನವಾಗಿ ಕೂಡುತ್ತದೆ. ತುಳಿದ ಕ್ಷಣ ಅದಷ್ಟೂ ಆಂಪ್ಲಿಫೈಯರಿಗೆ ನುಗ್ಗುತ್ತದೆ. ಬಾಯಿಂದ ಗ್ರೌಂಡಿಗೊಂದು, ಬಾಲದಿಂದ ಗ್ರೌಂಡಿಗೊಂದು 1 ಮೆಗಾಓಮ್ ರೆಸಿಸ್ಟರ್ ಹಾಕಿ. ಕೂಡಿದ್ದು ಆಗಿಂದಾಗಲೇ ಹರಿದುಹೋಗುತ್ತದೆ.

6. ‘ಟ್ರೂ ಬೈಪಾಸ್’ ಮಂತ್ರವಲ್ಲ.

ನಾನೂ ಕೆಲವು ವರ್ಷ ಈ ಮತದವನೇ. 1967ರಲ್ಲಿ ಬಂದ ವಾಕ್ಸ್ ವಾ ಪೆಡಲಿನಂಥವುಗಳಲ್ಲಿ ಸ್ವಿಚ್ಚು ಔಟ್‌ಪುಟ್ಟನ್ನಷ್ಟೇ ಬದಲಿಸುತ್ತಿತ್ತು. ಬೈಪಾಸಿನಲ್ಲೂ ಸರ್ಕ್ಯೂಟಿನ ಬಾಯಿ ಗಿಟಾರಿಗೆ ಅಂಟಿಕೊಂಡೇ ಇದ್ದು ಸದ್ದಿನ ಹೊಳಪು ನೆಕ್ಕುತ್ತಿತ್ತು. ಬಾಯಿ, ಬಾಲ ಎರಡನ್ನೂ ಬಿಡಿಸುವ ಟ್ರೂ ಬೈಪಾಸೇ ಅದಕ್ಕೆ ಮದ್ದು. ಆದರೆ ಗಿಟಾರ್ ಕೇಬಲ್ಲಿಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇರುತ್ತದೆ. ಆರು ಪೆಡಲ್ ಸಾಲಾಗಿಟ್ಟು ಎಲ್ಲವನ್ನೂ ಬೈಪಾಸ್ ಮಾಡಿದರೆ ಗಿಟಾರಿನ ಪಿಕಪ್ಪು ಒಂದೇ ಉಸಿರಿಗೆ ಹತ್ತು ಹನ್ನೆರಡು ಮೀಟರ್ ಕೇಬಲ್ ತಳ್ಳಬೇಕು. ಹೊಳಪು ಆಗಲೂ ಹೋಗುತ್ತದೆ. 1977ರಿಂದ ಬಾಸ್‌ನವರು ಮಾಡಿದ ಪುಟ್ಟ ಪೆಡಲ್‌ಗಳಲ್ಲಿ ಟ್ರಾನ್ಸಿಸ್ಟರೇ ಸ್ವಿಚ್ಚು, ಜೊತೆಗೆ ಉದ್ದದ ಕೇಬಲ್ ತಳ್ಳಲು ಸದ್ದಿಗೆ ಕಸುವು ಕೊಡುವ ಒಂದು ಬಫರ್ ಸದಾ ಜೀವಂತ. ಜಗತ್ತಿನ ಅರ್ಧ ವೇದಿಕೆಗಳು ಅವುಗಳ ಮೇಲೆಯೇ ನಡೆದಿವೆ. ನನ್ನ ತೀರ್ಪು ಇಷ್ಟು: ಸಾಲಿನಲ್ಲಿ ಒಂದಾದರೂ ಒಳ್ಳೆಯ ಬಫರ್ ಇರಲಿ, ಮಿಕ್ಕವು ಟ್ರೂ ಬೈಪಾಸ್ ಇರಲಿ. ಹಳೆಯ ಫಝ್‌ನ ಮುಂದೆ ಮಾತ್ರ ಬಫರ್ ಬೇಡ. ಅದಕ್ಕೆ ಗಿಟಾರಿನ ನೇರ ಸಹವಾಸವೇ ಬೇಕು.

7. ತೆರೆದಾಗ ಹಾಡಿ ಮುಚ್ಚಿದಾಗ ಸತ್ತರೆ ಜ್ಯಾಕ್ ನೋಡಿ.

ಪ್ಲಗ್ ತೂರಿಸಿದಾಗ ಜ್ಯಾಕಿನ ನಾಲಗೆ ಹೊರಕ್ಕೆ ಬಾಗುತ್ತದೆ. ಮುಚ್ಚಳವನ್ನೋ ಸ್ವಿಚ್ಚಿನ ಕಾಲನ್ನೋ ಮುಟ್ಟಿದರೆ ಮುಗಿಯಿತು. ಒಮ್ಮೆ ಎರಡು ಸಂಜೆ ಇಡೀ ಸರ್ಕ್ಯೂಟ್ ಅಳೆದ ಮೇಲೆ ನಟ್ ಸಡಿಲಿಸಿ ಜ್ಯಾಕನ್ನು ಒಂಚೂರು ತಿರುಗಿಸಿದೆ. ಸರಿಹೋಯಿತು.

8. ಸ್ವಿಚ್ಚನ್ನು ಮೂರು ಸಲ ಅಳೆಯಿರಿ.

ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಯಿಂದ ತಂದ ಕೂಡಲೇ ಒಮ್ಮೆ, ಬೆಸೆದ ಮೇಲೆ ಒಮ್ಮೆ, ಡಬ್ಬಿಗೆ ಬಿಗಿದ ಮೇಲೆ ಒಮ್ಮೆ. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಪ್ರತಿ ಕಂಬಸಾಲಿಗೂ ಇಪ್ಪತ್ತು ಸಲ ತುಳಿದು ನೋಡಿ, ಬೆರಳಿನಿಂದಲ್ಲ, ಕಾಲಿನಿಂದ. ಮನೆಯವರು ಏನಾದರೂ ಅಂದುಕೊಳ್ಳಲಿ.

9. ನಟ್ಟಿಗೂ ಮರ್ಯಾದೆ ಕೊಡಿ.

12 ಮಿಲಿಮೀಟರ್ ತೂತಿನಲ್ಲಿ ಕೂತ ಸ್ವಿಚ್ಚು ತುಳಿತಕ್ಕೆ ಸಡಿಲವಾಗಿ ತಿರುಗತೊಡಗಿದರೆ ಕಾಲುಗಳ ವೈರುಗಳೆಲ್ಲ ಹಗ್ಗದಂತೆ ಹುರಿಗೊಂಡು ತುಂಡಾಗುತ್ತವೆ. ಒಳಗೆ ಹಲ್ಲಿನ ವಾಷರ್ ಹಾಕಿ, ವೈರುಗಳನ್ನು ಬಿಗಿಯಾಗಿ ಎಳೆಯದೆ ಬೆರಳಗಲ ಸಡಿಲ ಬಿಡಿ. ಸ್ವಿಚ್ಚು ಕೊಳ್ಳುವಾಗ ಒಂದರ ಬದಲು ಎರಡು ಕೊಳ್ಳಿ.

ಆ ಫಝ್ ಪೆಡಲ್ ಈಗಲೂ ಗೆಳೆಯನ ಬಳಿಯೇ ಇದೆ. ಸರ್ಕ್ಯೂಟ್ ಮೊದಲಿನದೇ, ಸ್ವಿಚ್ಚು ಮೂರನೆಯದು.