ಹಾರ್ಮೋನು ಬದಲಾದಾಗ ಜನನಾಂಗದ ಸೂಕ್ಷ್ಮಜೀವಿಗಳು

ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೋಗುವವರಿಗೆ ದಾರಿಯುದ್ದಕ್ಕೂ ಬತ್ತದ ಗದ್ದೆಗಳೂ ಕಬ್ಬಿನ ಗದ್ದೆಗಳೂ ಕಾಣುತ್ತವೆ. ಅಲ್ಲಿಂದ ಉತ್ತರಕ್ಕೆ, ನಾಗಮಂಗಲದ ಕಡೆಗೆ ಸಾಗಿದರೆ ರಾಗಿ, ಹುರುಳಿಗಳ ಹೊಲಗಳೇ ಹೆಚ್ಚು. ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿಯಂತೂ ಹೇಮಾವತಿಯ ನಾಲೆಯ ಕೆಳಗೊಂದು ಬೆಳೆ, ಮೇಲೊಂದು ಬೆಳೆ. ರೈತರ ಕೌಶಲದಲ್ಲಿ ವ್ಯತ್ಯಾಸವಿಲ್ಲ, ವ್ಯತ್ಯಾಸವಿರುವುದು ನೀರಿನಲ್ಲಿ. ನಮ್ಮ ದೇಹದಲ್ಲಿಯೂ ಇಂತಹ ಒಂದು ವ್ಯವಸಾಯ ನಡೆಯುತ್ತಿದೆ. ಅಲ್ಲಿ ಬೆಳೆಯೆಂದರೆ ಸೂಕ್ಷ್ಮಜೀವಿಗಳು, ನಾಲೆಯ ನೀರೆಂದರೆ ಹಾರ್ಮೋನು.

1892ರಲ್ಲಿ ಜರ್ಮನಿಯ ವೈದ್ಯ ಆಲ್ಬರ್ಟ್ ಡೋಡರ್ಲೈನರು ಸ್ತ್ರೀಯರ ಯೋನಿಯ ಸ್ರಾವದಲ್ಲಿ ಕಡ್ಡಿಯಾಕಾರದ ಬ್ಯಾಕ್ಟೀರಿಯವೊಂದನ್ನು ಕಂಡು ವರ್ಣಿಸಿದರು. ಅದು ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸುತ್ತದೆ. ಹಾಲು ಹೆಪ್ಪುಗಟ್ಟಿ ಹುಳಿಯಾಗುವುದೂ ಇದೇ ಆಮ್ಲದಿಂದ. ಈ ಕುಲಕ್ಕೆ ಈಗ ಲ್ಯಾಕ್ಟೋಬಾಸಿಲಸ್ ಎಂದು ಹೆಸರು. ಇದಕ್ಕೆ ಆಹಾರವೆಲ್ಲಿಂದ? ಈಸ್ಟ್ರೊಜನ್ ಎಂಬ ಹಾರ್ಮೋನಿನ ಪ್ರಭಾವದಿಂದ ಯೋನಿಯ ಒಳಪದರ ದಪ್ಪವಾಗಿ ಬೆಳೆದು, ತನ್ನ ಜೀವಕೋಶಗಳಲ್ಲಿ ಗ್ಲೈಕೊಜನ್ ಎಂಬ ಪಿಷ್ಟದಂತಹ ವಸ್ತುವನ್ನು ಕೂಡಿಡುತ್ತದೆ. ಕೋಶಗಳು ಉದುರಿದಾಗ ಆ ಗ್ಲೈಕೊಜನ್ ಒಡೆದು ಸಣ್ಣ ಸಕ್ಕರೆಗಳಾಗುತ್ತದೆ. ಬ್ಯಾಕ್ಟೀರಿಯ ಅವನ್ನು ಉಂಡು ಆಮ್ಲವನ್ನು ಬಿಡುತ್ತದೆ. ಆ ಹುಳಿಯಲ್ಲಿ ಇತರ ಅನೇಕ ಜೀವಿಗಳು ಬಾಳಲಾರವು.

ಭೌತಶಾಸ್ತ್ರದ ಅಧ್ಯಾಪಕನಿಗೆ ಇಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಲಾಗರಿತಮ್ ಇರುವಲ್ಲೆಲ್ಲ ನಮಗೆ ಕೆಲಸವಿದೆ! ಆಮ್ಲತೆಯನ್ನು ಅಳೆಯುವ ಪಿಎಚ್ ಮಾನದಲ್ಲಿ ಒಂದಂಕ ಇಳಿದರೆ ಹೈಡ್ರೊಜನ್ ಅಯಾನುಗಳ ಸಾಂದ್ರತೆ ಹತ್ತರಷ್ಟಾಗುತ್ತದೆ. 1993ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ನೋಡೋಣ. ಮುಟ್ಟು ನಿಂತ, ಪದೇ ಪದೇ ಮೂತ್ರನಾಳದ ಸೋಂಕಿಗೆ ಒಳಗಾಗುತ್ತಿದ್ದ ಸ್ತ್ರೀಯರಲ್ಲಿ ಲ್ಯಾಕ್ಟೋಬಾಸಿಲಸ್ ಕಂಡುಬಂದಿರಲಿಲ್ಲ. ಈಸ್ಟ್ರೊಜನ್ ವರ್ಗದ ಮುಲಾಮನ್ನು ಯೋನಿಯೊಳಗೆ ಲೇಪಿಸಿದ 36 ಮಂದಿಯಲ್ಲಿ 22 ಮಂದಿಗೆ ಒಂದೇ ತಿಂಗಳಲ್ಲಿ ಅದು ಮರಳಿ ಬಂದಿತು. ಔಷಧವಿಲ್ಲದ ಮುಲಾಮು ಪಡೆದ 24 ಮಂದಿಯಲ್ಲಿ ಒಬ್ಬರಿಗೂ ಬರಲಿಲ್ಲ. ಸರಾಸರಿ ಪಿಎಚ್ 5.5ರಿಂದ 3.8ಕ್ಕೆ ಇಳಿಯಿತು. ವ್ಯತ್ಯಾಸ 1.7 ಮಾತ್ರ, ಆದರೆ ಅಯಾನುಗಳ ಲೆಕ್ಕದಲ್ಲಿ ಸುಮಾರು ಐವತ್ತು ಪಟ್ಟು. ಬ್ಯಾಕ್ಟೀರಿಯವನ್ನು ಯಾರೂ ಬಿತ್ತಲಿಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಹುಟ್ಟಿನಲ್ಲಿ ಹೆಣ್ಣೆಂದು ಗುರುತಿಸಲ್ಪಟ್ಟು, ತಾನು ಗಂಡೆಂದು ಅರಿತು ಬಾಳುವವರುಂಟು. ಇದಕ್ಕೆ ವಿಪರ್ಯಯವಾದವರೂ ಉಂಟು. ತಮ್ಮ ಲಿಂಗತ್ವವನ್ನು ತಾವೇ ನಿರ್ಧರಿಸಿಕೊಳ್ಳುವ ಹಕ್ಕು ಇವರಿಗಿದೆಯೆಂದು ಭಾರತದ ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೀರ್ಪಿತ್ತಿತು. ಇವರಲ್ಲಿ ಕೆಲವರು ಹಾರ್ಮೋನು ಚಿಕಿತ್ಸೆಯನ್ನೂ, ಕೆಲವರು ಶಸ್ತ್ರಚಿಕಿತ್ಸೆಯನ್ನೂ ಪಡೆಯುತ್ತಾರೆ.

ಟ್ರಾನ್ಸ್ ಪುರುಷರು ಟೆಸ್ಟಾಸ್ಟೆರೋನ್ ಪಡೆಯತೊಡಗಿದರೆ ಈಸ್ಟ್ರೊಜನ್ನಿನ ಪ್ರಭಾವ ಕುಗ್ಗುತ್ತದೆ. ಒಳಪದರ ತೆಳುವಾಗುತ್ತದೆ, ಗ್ಲೈಕೊಜನ್ ಕ್ಷೀಣಿಸುತ್ತದೆ, ಹುಳಿ ಇಳಿಯುತ್ತದೆ. 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಇಂತಹ 28 ಮಂದಿಯನ್ನು ಪರೀಕ್ಷಿಸಿತು. ಲ್ಯಾಕ್ಟೋಬಾಸಿಲಸ್ ಪ್ರಧಾನವಾಗಿದ್ದವರು ನೂರಕ್ಕೆ ಹತ್ತಕ್ಕಿಂತ ಕಡಮೆ. ಯೋನಿಯೊಳಗೆ ಈಸ್ಟ್ರೊಜನ್ ಲೇಪಿಸಿಕೊಳ್ಳುತ್ತಿದ್ದವರಲ್ಲಿ ಅದರ ಪ್ರಮಾಣ ಹೆಚ್ಚಾಗಿತ್ತು.

ಇದು ರೋಗವೆ? ಇಲ್ಲಿಯೇ ಎಚ್ಚರ ಬೇಕು. ಪ್ರಯೋಗಶಾಲೆಗಳಲ್ಲಿ ನ್ಯೂಜೆಂಟ್ ಅಂಕವೆಂಬ ಅಳತೆಗೋಲೊಂದಿದೆ. ಗಾಜಿನ ಫಲಕದ ಮೇಲೆ ಬ್ಯಾಕ್ಟೀರಿಯಗಳನ್ನೆಣಿಸಿ 0ಯಿಂದ 10ರವರೆಗೆ ಅಂಕ ಕೊಡುತ್ತಾರೆ. 3ರವರೆಗೆ ಸಹಜ, 7 ಅಥವಾ ಅದಕ್ಕಿಂತ ಹೆಚ್ಚಾದರೆ ಬ್ಯಾಕ್ಟೀರಿಯಗಳ ಸಮತೋಲ ಕೆಟ್ಟ ರೋಗಸ್ಥಿತಿ. ಲ್ಯಾಕ್ಟೋಬಾಸಿಲಸ್ ಒಂದೂ ಕಾಣದಿದ್ದರೆ ಅದೊಂದರಿಂದಲೇ 4 ಅಂಕ ಬೀಳುತ್ತದೆ. ಹಾಗಾದರೆ ಯಾವ ತೊಂದರೆಯೂ ಇಲ್ಲದ ಟ್ರಾನ್ಸ್ ಪುರುಷನೊಬ್ಬ ಪರೀಕ್ಷೆಗೆ ಬಂದರೆ, ಅಳತೆಗೋಲು ಅವನನ್ನು ಮೊದಲೇ ಸಹಜದ ಗೆರೆಯಿಂದಾಚೆ ನಿಲ್ಲಿಸುತ್ತದೆ! ರಾಗಿಯ ಹೊಲವನ್ನು ಬತ್ತದ ಇಳುವರಿಯಿಂದ ಅಳೆದಂತಾಯಿತು. ಅನವಶ್ಯಕವಾಗಿ ಪ್ರತಿಜೀವಕ ಕೊಡುವುದು ಒಂದು ತಪ್ಪು. ಉರಿ, ರಕ್ತಸ್ರಾವ, ದುರ್ವಾಸನೆಗಳಿವೆಯೆಂದು ಆತನು ಹೇಳಿದಾಗ, ಎಲ್ಲವೂ ಹಾರ್ಮೋನಿನಿಂದಲೆಂದು ಪರೀಕ್ಷಿಸದೆ ಕಳುಹಿಸುವುದು ಅದಕ್ಕಿಂತ ದೊಡ್ಡ ತಪ್ಪು ಎಂದು ನನಗನ್ನಿಸುತ್ತದೆ. ಇದನ್ನೋದುವವರಲ್ಲಿ ಕೆಲವರು ಮುಂದೆ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನಲ್ಲಿಯೋ ಮಂಡ್ಯದ ಸರ್ಕಾರಿ ವೈದ್ಯಕೀಯ ಸಂಸ್ಥೆಯಲ್ಲಿಯೋ ಅಂತಹ ಫಲಕವನ್ನು ನೋಡುವವರಾಗಬಹುದು. ಆದುದರಿಂದ ಇಷ್ಟು ವಿಸ್ತರಿಸಿದೆ.

ಟ್ರಾನ್ಸ್ ಮಹಿಳೆಯರ ವಿಚಾರ ಬೇರೆ. ಶಸ್ತ್ರಚಿಕಿತ್ಸೆಯಿಂದ ರಚಿಸಿದ ಯೋನಿಯ ಒಳಪದರ ಹಲವು ವೇಳೆ ಶಿಶ್ನದ ಚರ್ಮದಿಂದಾದುದು. ಕೆಲವೊಮ್ಮೆ ಕರುಳಿನ ಭಾಗದಿಂದಾದುದು. ಬೆಲ್ಜಿಯಂ ದೇಶದ ಗೆಂಟ್ ನಗರದಲ್ಲಿ ಚರ್ಮದ ಪದರವಿದ್ದ 50 ಮಹಿಳೆಯರನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ವರದಿಯಂತೆ, ಅಲ್ಲಿ ಚರ್ಮದ ಮತ್ತು ಕರುಳಿನ ಬ್ಯಾಕ್ಟೀರಿಯಗಳು ಬೆರೆತಿದ್ದುವು. ಲ್ಯಾಕ್ಟೋಬಾಸಿಲಸ್ ಅತಿ ವಿರಳ. ಇವರು ಈಸ್ಟ್ರೊಜನ್ ಸೇವಿಸಿದರೂ ಆ ಚರ್ಮ ಯೋನಿಯ ಸಹಜ ಪದರದಂತೆ ಗ್ಲೈಕೊಜನ್ನನ್ನು ಕೂಡಿಡುವುದಿಲ್ಲ. ನೀರಿದ್ದರೂ ನೆಲ ಬೇರೆ. ಹುಳಿಯನ್ನು ಹೆಚ್ಚಿಸಲೆಂದು ಮೊಸರು, ನಿಂಬೆಹಣ್ಣಿನ ರಸಗಳನ್ನು ಬಳಸಿದರೆ ಈ ಸ್ಥಿತಿ ಬದಲಾಗದು. ಉರಿಯೂತ ಮಾತ್ರ ಬಂದೀತು. ವೈದ್ಯರು ಹೇಳಿದ ಕ್ರಮದಲ್ಲಿ ಶುಚಿಗೊಳಿಸಿಕೊಂಡು, ಸ್ರಾವದ ಬಣ್ಣವೋ ವಾಸನೆಯೋ ಬದಲಾದಾಗ ಶಸ್ತ್ರಚಿಕಿತ್ಸೆಯ ವಿವರವನ್ನೂ ತಿಳಿಸಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಒಳಪದರ ಚರ್ಮದ್ದೋ ಕರುಳಿನದೋ ಎಂದು ತಿಳಿದರೆ ಮಾತ್ರ ಫಲಕದ ಮೇಲೆ ಕಂಡದ್ದನ್ನು ವೈದ್ಯರು ಸರಿಯಾಗಿ ಓದಬಲ್ಲರು.