ಗದ್ದೆಯ ಸತುವು ಮತ್ತು ದೇಹದ ಸತುವು

ಭಟ್ಕಳ ತಾಲ್ಲೂಕಿನ ಬೆಳಕೆಯಂಥ ಕರಾವಳಿ ಗ್ರಾಮಗಳಲ್ಲಿ ಸತುವು ಎರಡು ಬಗೆಯಾಗಿ ಮನೆಯನ್ನು ಸೇರುವುದುಂಟು. ಭತ್ತದ ಗದ್ದೆಗಾಗಿ ಕೊಂಡು ತಂದ ಸತುವಿನ ಸಲ್ಫೇಟಿನ ಚೀಲವು ಒಂದು; ಔಷಧದ ಅಂಗಡಿಯಿಂದ ತಂದ ಸತುವಿನ ಗುಳಿಗೆಯು ಮತ್ತೊಂದು. ಇವೆರಡರ ಹೆಸರು ಒಂದೇ ಆದರೂ ಶುದ್ಧಿಯೂ ಅಳತೆಯೂ ಬೇರೆ ಬೇರೆ. ಈ ಭೇದವನ್ನು ತಿಳಿಯದೆ ನಡೆದಲ್ಲಿ ಗದ್ದೆಗೆ ಹಾಕಿದ ಹಣವು ವ್ಯರ್ಥವಾಗುವುದಲ್ಲದೆ ಪ್ರಾಣಕ್ಕೂ ಅಪಾಯವಾಗಬಹುದು. ಆದುದರಿಂದ ಊರಿನ ಮುಖ್ಯಸ್ಥರೂ ಜಮೀನುದಾರರೂ ಅರಿತಿರಬೇಕಾದ ಸಂಗತಿಗಳನ್ನು ಇಲ್ಲಿ ಸಂಗ್ರಹವಾಗಿ ವಿವರಿಸಲಾಗಿದೆ.

ಸತುವಿನ ಅವಶ್ಯಕತೆ

ಸಸ್ಯಗಳ ಬೆಳವಣಿಗೆಗೆ ಸತುವು ಅವಶ್ಯವೆಂಬುದನ್ನು ೧೯೨೬ರಲ್ಲಿ ಸಾಮರ್ ಮತ್ತು ಲಿಪ್‌ಮನ್ ಎಂಬ ವಿಜ್ಞಾನಿಗಳು ಸ್ಥಿರಪಡಿಸಿದರು. ನಮ್ಮ ದೇಶದ ತರಾಯಿ ಪ್ರದೇಶದಲ್ಲಿ ಭತ್ತಕ್ಕೆ ಬರುತ್ತಿದ್ದ 'ಖೈರಾ' ಎಂಬ ರೋಗಕ್ಕೆ ಸತುವಿನ ಕೊರತೆಯೇ ಕಾರಣವೆಂದು ಪಂತನಗರದಲ್ಲಿ ಡಾಕ್ಟರ್ ನೇನೆಯವರು ೧೯೬೬ರಲ್ಲಿ ತೋರಿಸಿಕೊಟ್ಟರು. ಮನುಷ್ಯರಲ್ಲಿಯೂ ಇಂಥ ಕೊರತೆಯುಂಟೆಂದು ಕಂಡುಹಿಡಿದವರು ಬಿಹಾರದಲ್ಲಿ ಹುಟ್ಟಿದ ಡಾಕ್ಟರ್ ಆನಂದ ಪ್ರಸಾದರು. ೧೯೬೧ರಲ್ಲಿ ಇರಾನ್ ದೇಶದ ಶಿರಾಜ್ ಪ್ರಾಂತದಲ್ಲಿ ಪ್ರಾಯಕ್ಕೆ ಬಂದ ತರುಣರು ಬಾಲಕರಂತೆ ಕುಳ್ಳಾಗಿಯೇ ಉಳಿದಿದ್ದುದನ್ನು ಅವರು ವರ್ಣಿಸಿದರು. ಹುಳಿ ಬರಿಸದ ಗೋದಿಯ ರೊಟ್ಟಿಯೇ ಆ ತರುಣರ ಮುಖ್ಯ ಆಹಾರವಾಗಿದ್ದಿತು. ಮುಂದೆ ೧೯೬೩ರಲ್ಲಿ ಈಜಿಪ್ಟ್ ದೇಶದಲ್ಲಿ ನಡೆದ ಪರೀಕ್ಷೆಗಳಿಂದ ಸತುವಿನ ಕೊರತೆಯು ದೃಢಪಟ್ಟಿತು.

ಪ್ರಾಯದ ಮನುಷ್ಯನ ದೇಹದಲ್ಲಿರುವ ಸತುವು ಒಟ್ಟು ೨ರಿಂದ ೩ ಗ್ರಾಂ ಮಾತ್ರ. ಇಷ್ಟು ಅಲ್ಪವಾದರೂ ದೇಹದ ಬೆಳವಣಿಗೆ, ಗಾಯ ಮಾಯುವಿಕೆ, ರೋಗನಿರೋಧ, ನಾಲಗೆಯ ರುಚಿ ಇವೆಲ್ಲಕ್ಕೂ ಅದು ಬೇಕು. ಕಣಜದಲ್ಲಿ ಭತ್ತವನ್ನು ಕೂಡಿಡುವಂತೆ ಸತುವನ್ನು ಕೂಡಿಟ್ಟುಕೊಳ್ಳಲು ದೇಹಕ್ಕೆ ಸಾಧ್ಯವಿಲ್ಲ. ಆಯಾ ದಿನದ ಸತುವು ಆಯಾ ದಿನದ ಊಟದಿಂದಲೇ ಒದಗತಕ್ಕದ್ದು. ಕೊರತೆಯಾದಲ್ಲಿ ಮಕ್ಕಳ ಬೆಳವಣಿಗೆಯು ಕುಂಠಿತವಾಗುವುದು, ಹಸಿವು ತಗ್ಗುವುದು, ಭೇದಿಯು ಮರುಕಳಿಸುವುದು, ಗಾಯಗಳು ಬೇಗ ಮಾಯಲಾರವು. ಈ ಲಕ್ಷಣಗಳಿಗೆ ಬೇರೆ ಕಾರಣಗಳೂ ಇರುವುದರಿಂದ ವೈದ್ಯರಿಗೆ ತೋರಿಸದೆ ಸತುವಿನ ಕೊರತೆಯೆಂದು ನಿಶ್ಚಯಿಸಬಾರದು.

ಅನ್ನದಲ್ಲಿರುವುದೆಷ್ಟು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ೨೦೨೦ರಲ್ಲಿ ಪ್ರಕಟಿಸಿದ ಪ್ರಮಾಣದಂತೆ ಪ್ರಾಯದ ಗಂಡಸಿಗೆ ದಿನವೊಂದಕ್ಕೆ ೧೭ ಮಿಲಿಗ್ರಾಂ, ಹೆಂಗಸಿಗೆ ೧೩.೨ ಮಿಲಿಗ್ರಾಂ ಸತುವು ಬೇಕು. ಪಾಲಿಶ್ ಮಾಡಿದ ಸಾಮಾನ್ಯ ಅಕ್ಕಿಯ ಒಂದು ಕಿಲೋದಲ್ಲಿ ಸುಮಾರು ೧೨ರಿಂದ ೧೬ ಮಿಲಿಗ್ರಾಂ ಸತುವಿರುವುದು. ದಿನಕ್ಕೆ ೪೦೦ ಗ್ರಾಂ ಅಕ್ಕಿಯ ಅನ್ನವನ್ನು ಉಂಡವನಿಗೆ ಅದರಿಂದ ದೊರೆಯುವುದು ಹೆಚ್ಚೆಂದರೆ ಆರೂವರೆ ಮಿಲಿಗ್ರಾಂ. ಬರಿಯ ಅನ್ನ ಮತ್ತು ತಿಳಿಸಾರಿನಿಂದ ಹೊಟ್ಟೆ ತುಂಬಿದರೂ ಸತುವಿನ ಅವಶ್ಯಕತೆಯು ಪೂರೈಸದೆಂಬುದು ಇದರಿಂದ ಸ್ಪಷ್ಟವಾಗುವುದು.

ಈ ಕೊರತೆಯನ್ನು ತುಂಬುವ ಪದಾರ್ಥಗಳು ನಮ್ಮ ಸೀಮೆಯಲ್ಲಿಯೇ ಹೇರಳವಾಗಿವೆ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಸಿಕ್ಕುವ ಕಲ್ವ ಎಂಬ ಚಿಪ್ಪಿನ ಜೀವಿಯಲ್ಲಿರುವಷ್ಟು ಸತುವು ಬೇರಾವ ಆಹಾರದಲ್ಲಿಯೂ ಇಲ್ಲವೆನ್ನಬಹುದು. ಅದನ್ನು ಚೆನ್ನಾಗಿ ಬೇಯಿಸಿಯೇ ತಿನ್ನತಕ್ಕದ್ದು. ಏಡಿ, ಮಾಂಸ, ಮೊಟ್ಟೆಗಳಲ್ಲಿಯೂ ಸತುವುಂಟು. ಸಸ್ಯಾಹಾರಿಗಳಿಗೆ ಗೇರುಬೀಜ, ಎಳ್ಳು, ಕುಂಬಳದ ಬೀಜ, ಕಡಲೆ, ಹೆಸರು ಮತ್ತು ಹಾಲು ಇವೆ. ಕಾಳುಗಳಲ್ಲಿರುವ ಫೈಟಿಕ್ ಆಮ್ಲವು ಸತುವನ್ನು ಕಟ್ಟಿಹಾಕಿ ದೇಹಕ್ಕೆ ಹತ್ತದಂತೆ ಮಾಡುವುದು. ಕಾಳನ್ನು ನೆನೆಸಿ ಮೊಳಕೆ ಬರಿಸುವುದರಿಂದಲೂ ದೋಸೆಯ ಹಿಟ್ಟನ್ನು ಹುಳಿ ಬರಿಸುವುದರಿಂದಲೂ ಈ ಆಮ್ಲವು ಕಡಮೆಯಾಗುವುದು. ಹಿರಿಯರ ಈ ಪದ್ಧತಿಯನ್ನು ಬಿಡದಿರುವುದು ಲೇಸು.

ಗದ್ದೆಯಲ್ಲಿ ಅನುಸರಿಸತಕ್ಕ ಕ್ರಮ

ನಾಟಿಯಾದ ಎರಡರಿಂದ ನಾಲ್ಕು ವಾರಗಳಲ್ಲಿ ಪೈರು ಅಲ್ಲಲ್ಲಿ ಗಿಡ್ಡಾಗಿ, ಎಳೆಯ ಎಲೆಗಳ ಬುಡದಲ್ಲಿ ನಡುನರವು ಬಿಳಿಚಿ, ಕೆಳಗಿನ ಎಲೆಗಳಲ್ಲಿ ತುಕ್ಕಿನ ಬಣ್ಣದ ಚುಕ್ಕೆಗಳು ಮೂಡಿದಲ್ಲಿ ಸತುವಿನ ಕೊರತೆಯನ್ನು ಶಂಕಿಸಬೇಕು. ಆದರೆ ಚಿರೆಕಲ್ಲಿನ ಗುಡ್ಡಗಳ ಬುಡದಲ್ಲಿ ನೀರು ನಿಲ್ಲುವ ಹುಳಿ ಮಣ್ಣಿನ ಗದ್ದೆಗಳಲ್ಲಿ ಕಬ್ಬಿಣದ ನಂಜಿನಿಂದಲೂ ಇಂಥದೇ ಕಂದು ಚುಕ್ಕೆಗಳು ಕಾಣುವುದುಂಟು. ಅವು ಹಳೆಯ ಎಲೆಗಳ ತುದಿಯಿಂದ ಆರಂಭವಾಗಿ ಬುಡದ ಕಡೆಗೆ ಹರಡುವುವು. ಈ ನಂಜಿಗೆ ನೀರನ್ನು ಬಸಿದು ಬಿಡುವುದೂ ಸುಣ್ಣ ಹಾಕುವುದೂ ತಕ್ಕ ಉಪಾಯಗಳೇ ಹೊರತು ಬರಿಯ ಸತುವಿನಿಂದ ಗುಣವಾಗದು. ಆದುದರಿಂದ ಮೊದಲು ಮಣ್ಣಿನ ಪರೀಕ್ಷೆ ಮಾಡಿಸತಕ್ಕದ್ದು. ೨೦೧೫ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಸತುವಿನ ಅಂಶವೂ ನಮೂದಾಗಿರುವುದು. ಹತ್ತು ಲಕ್ಷ ಪಾಲು ಮಣ್ಣಿನಲ್ಲಿ ಪೈರಿಗೆ ಸಿಕ್ಕುವ ಸತುವು ೦.೬ ಪಾಲಿಗಿಂತ ಕಡಮೆಯಿದ್ದಲ್ಲಿ ಎಕರೆಗೆ ೧೦ ಕಿಲೋ ಸತುವಿನ ಸಲ್ಫೇಟನ್ನು ಹಾಕುವುದು ರೂಢಿ. ಇದನ್ನು ಸೂಪರ್ ಫಾಸ್ಫೇಟಿನೊಡನೆ ಬೆರೆಸಬಾರದು. ಸಾಕಷ್ಟು ಸತುವಿರುವ ಗದ್ದೆಗೆ ಪ್ರತಿ ವರ್ಷ ಹಾಕುವುದು ವ್ಯರ್ಥ ವೆಚ್ಚ.

ಕಾಳಿನಲ್ಲಿಯೇ ಹೆಚ್ಚು ಸತುವುಳ್ಳ ತಳಿಗಳೂ ಈಗ ಬಂದಿವೆ. ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯು ಹೊರತಂದ ಡಿ.ಆರ್.ಆರ್. ಧಾನ್ ೪೫ ಎಂಬ ತಳಿಯ ಪಾಲಿಶ್ ಅಕ್ಕಿಯ ಕಿಲೋ ಒಂದರಲ್ಲಿ ೨೨.೬ ಮಿಲಿಗ್ರಾಂ ಸತುವಿರುವುದು. ಆದರೆ ತಮ್ಮ ಗದ್ದೆಗೆ ಅದು ಒಗ್ಗುವುದೋ ಇಲ್ಲವೋ ಎಂಬುದನ್ನು ಕೃಷಿ ಅಧಿಕಾರಿಗಳಲ್ಲಿ ವಿಚಾರಿಸಿ ಬಿತ್ತತಕ್ಕದ್ದು.

ಮಕ್ಕಳ ಭೇದಿಗೆ ಸತುವು

ಸತುವಿನ ಗುಳಿಗೆಯ ಅತ್ಯಂತ ನಿಶ್ಚಿತವಾದ ಉಪಯೋಗವು ಮಕ್ಕಳ ಭೇದಿಯಲ್ಲಿರುವುದು. ಓ.ಆರ್.ಎಸ್. ದ್ರಾವಣದೊಡನೆ ಸತುವನ್ನೂ ೧೦ರಿಂದ ೧೪ ದಿನ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಸಂಸ್ಥೆಯೂ ೨೦೦೪ರಲ್ಲಿ ಸಲಹೆಯಿತ್ತುವು. ಆರು ತಿಂಗಳು ಮೀರಿದ ಮಗುವಿಗೆ ದಿನಕ್ಕೆ ೨೦ ಮಿಲಿಗ್ರಾಂ, ಅದಕ್ಕಿಂತ ಚಿಕ್ಕ ಕೂಸಿಗೆ ೧೦ ಮಿಲಿಗ್ರಾಂ ಎಂದು ಅಂದು ಗೊತ್ತುಪಡಿಸಲಾಯಿತು. ಭಾರತ ಮತ್ತು ತಾಂಜಾನಿಯಾ ದೇಶಗಳಲ್ಲಿ ನಡೆದು ೨೦೨೦ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇದಕ್ಕಿಂತ ಕಡಮೆ ಪ್ರಮಾಣವೂ ಸಾಲುವುದೆಂದೂ ಅದರಿಂದ ವಾಂತಿಯು ಕಡಮೆಯಾಗುವುದೆಂದೂ ಕಂಡುಬಂದಿತು. ಆದುದರಿಂದ ಪ್ರಮಾಣವನ್ನು ವೈದ್ಯರು ಅಥವಾ ಆರೋಗ್ಯ ಸಿಬ್ಬಂದಿಯವರು ಹೇಳಿದಂತೆಯೇ ಅನುಸರಿಸತಕ್ಕದ್ದು. ಭೇದಿ ನಿಂತ ಮೇಲೂ ಹೇಳಿದಷ್ಟು ದಿನ ಕೊಡುವುದನ್ನು ಮರೆಯಬಾರದು. ಮಳೆಗಾಲಕ್ಕೆ ಮೊದಲೇ ಆಶಾ ಕಾರ್ಯಕರ್ತೆಯರ ಬಳಿ ಈ ಗುಳಿಗೆಯೂ ಓ.ಆರ್.ಎಸ್. ಪೊಟ್ಟಣವೂ ಇರುವುವೇ ಎಂದು ಊರಿನ ಮುಖ್ಯಸ್ಥರು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಗುಳಿಗೆಯನ್ನು ಆರಿಸುವ ಬಗೆ

೧. ಚೀಟಿಯಲ್ಲಿ ಬರೆದಿರುವ ತೂಕವು ಲವಣದ್ದೋ ಶುದ್ಧ ಸತುವಿನದ್ದೋ ಎಂಬುದನ್ನು ನೋಡಬೇಕು. ೫೦ ಮಿಲಿಗ್ರಾಂ ಸತುವಿನ ಗ್ಲುಕೊನೇಟಿನಲ್ಲಿ ಸತುವು ಸುಮಾರು ೭ ಮಿಲಿಗ್ರಾಂ ಮಾತ್ರ. ಲೆಕ್ಕಕ್ಕೆ ಬರುವುದು ಶುದ್ಧ ಸತುವೇ.

೨. ಸಲ್ಫೇಟು, ಗ್ಲುಕೊನೇಟು, ಸಿಟ್ರೇಟು, ಅಸಿಟೇಟುಗಳು ದೇಹಕ್ಕೆ ಚೆನ್ನಾಗಿ ಹತ್ತುವುವು; ಆಕ್ಸೈಡು ಅಷ್ಟಾಗಿ ಹತ್ತದು. ಬೆಲೆ ಹೆಚ್ಚಿದ ಮಾತ್ರಕ್ಕೆ ಗುಣವೂ ಹೆಚ್ಚೆಂದು ತಿಳಿಯಬಾರದು.

೩. ಪ್ರಾಯದವರಿಗೆ ಆಹಾರವೂ ಗುಳಿಗೆಯೂ ಸೇರಿ ದಿನಕ್ಕೆ ೪೦ ಮಿಲಿಗ್ರಾಂ ಮೀರಬಾರದು. ೨೦೨೦–೨೧ರ ಕೊರೋನಾ ಪಿಡುಗಿನ ಕಾಲದಲ್ಲಿ ಅನೇಕರು ಸತುವಿನ ಗುಳಿಗೆಗಳನ್ನು ತಮ್ಮಷ್ಟಕ್ಕೆ ತಾವೇ ನುಂಗಿದ್ದುಂಟು. ಹೆಚ್ಚಿನ ಸತುವನ್ನು ತಿಂಗಳುಗಟ್ಟಲೆ ಸೇವಿಸಿದಲ್ಲಿ ದೇಹದಲ್ಲಿ ತಾಮ್ರದ ಅಂಶವು ಕುಗ್ಗಿ ರಕ್ತಹೀನತೆಯೂ ನರಗಳ ದೌರ್ಬಲ್ಯವೂ ಉಂಟಾಗುವುವು.

೪. ಕಬ್ಬಿಣದ ಗುಳಿಗೆಯನ್ನೂ ಇದನ್ನೂ ಒಟ್ಟಿಗೆ ನುಂಗದೆ ಎರಡು ಗಂಟೆಯ ಅಂತರವಿಡಬೇಕು. ಕೆಲವು ಆಂಟಿಬಯೋಟಿಕ್ ಔಷಧಗಳ ಗುಣವನ್ನು ಸತುವು ಕುಗ್ಗಿಸುವುದರಿಂದ ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಹೊಟ್ಟೆ ತೊಳಸಿದಲ್ಲಿ ಊಟದೊಡನೆ ಸೇವಿಸಬೇಕು.

೫. ತಯಾರಕರ ಪರವಾನಗಿಯ ಸಂಖ್ಯೆಯೂ ಅವಧಿ ಮುಗಿಯುವ ತಾರೀಖೂ ಇಲ್ಲದ ಪೊಟ್ಟಣವನ್ನು ಕೊಳ್ಳಬಾರದು.

ಮುಖ್ಯ ಎಚ್ಚರಿಕೆ

ಗದ್ದೆಯ ಸತುವಿನ ಸಲ್ಫೇಟನ್ನು ಯಾವ ಕಾರಣಕ್ಕೂ ಮನುಷ್ಯರಿಗೆ ಔಷಧವೆಂದು ಕೊಡಕೂಡದು. ಅದರಲ್ಲಿ ಸೀಸ, ಕ್ಯಾಡ್ಮಿಯಂ ಮೊದಲಾದ ವಿಷಲೋಹಗಳ ಸೋಂಕು ಇರಬಹುದು. ಒಂದು ಚಮಚದಲ್ಲಿಯೇ ದೇಹವು ತಾಳಲಾರದಷ್ಟು ಸತುವಿರುವುದು. ನೋಡಲು ಅದು ಉಪ್ಪು ಸಕ್ಕರೆಗಳಂತೆಯೇ ಬಿಳಿಯಾಗಿರುವುದರಿಂದ ಅಡಿಗೆಮನೆಯಲ್ಲಿಯೂ ಮಕ್ಕಳ ಕೈಗೆ ಎಟಕುವ ಜಾಗದಲ್ಲಿಯೂ ಇಡಬಾರದು. ಚೀಲದಿಂದ ತೆಗೆದು ಡಬ್ಬಿಗಳಿಗೆ ತುಂಬಲೂ ಬಾರದು. ಯಾರಾದರೂ ತಪ್ಪಿ ನುಂಗಿದಲ್ಲಿ ಮನೆಮದ್ದಿನಲ್ಲಿ ಹೊತ್ತು ಕಳೆಯದೆ, ಚೀಲದ ಚೀಟಿಯ ಸಹಿತ ಕೂಡಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಗದ್ದೆಗೆ ಮಣ್ಣಿನ ಪರೀಕ್ಷೆ ಹೇಗೋ ದೇಹಕ್ಕೆ ವೈದ್ಯರ ಪರೀಕ್ಷೆ ಹಾಗೆ. ಕೊರತೆಯನ್ನು ಅರಿತು ಅಳತೆಯಿಂದ ಕೊಟ್ಟ ಸತುವು ಪೈರನ್ನೂ ಮಗುವನ್ನೂ ಕಾಪಾಡುವುದು. ಅಳತೆ ತಪ್ಪಿದ ಸತುವು ಎರಡಕ್ಕೂ ಹಿತವಲ್ಲ.